ಮೂರೂ ಆರೂ ಸೇರುವ ಗುಡ್ಡ

ಪಂಜ
18 ನವೆಂಬರ್ 2024

ಇರ್ಫಾನಾ,

ನೀನು ಧಾರವಾಡದಿಂದ ಕಳುಹಿಸಿದ ದಪ್ಪ ಲಕೋಟೆ ಶನಿವಾರ ತಲುಪಿತು. ಮಂಡಿಯೊಂದನ್ನು ಬಿಟ್ಟರೆ ನನ್ನದೆಲ್ಲ ಕ್ಷೇಮ. ನಿವೃತ್ತ ಗಣಿತ ಮೇಷ್ಟ್ರಿಗೆ ಗೇರುಗುಡ್ಡ ಹತ್ತಿಸುವ ಕೆಲಸ ಕೊಡಿಸಿದ ಶಿಷ್ಯೆ ಇಡೀ ತಾಲೂಕಿನಲ್ಲಿ ನೀನೊಬ್ಬಳೇ ಇರಬೇಕು. ಒಂಬತ್ತನೇ ತರಗತಿಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ್ದಕ್ಕೆ ಸೇಡು ತೀರಿಸಿಕೊಳ್ಳುತ್ತಿದ್ದೀಯೋ ಎಂದು ನನಗೆ ಅನುಮಾನ.

ಹಾಳೆಗಳಿಗೆ ಸಹಿ ಹಾಕಿ ಅಂಚೆಯಲ್ಲೇ ಕಳುಹಿಸಬೇಕು ಎಂದು ನಿಮ್ಮ ಕಂಪೆನಿಯ ನಿಯಮವಂತೆ. ಒಳ್ಳೆಯದಾಯಿತು. ಹೇಗೂ ಅಂಚೆ ಖರ್ಚು ಅವರದು, ಜೊತೆಗೆ ನನ್ನದೊಂದು ಕಾಗದವೂ ಬರುತ್ತದೆ. ನೀನೂ ಕಾಗದದಲ್ಲೇ ಉತ್ತರ ಬರೆ. ಮೊಬೈಲ್ ಗುಂಪಿನಲ್ಲಿ ಏನು ಹಾಕಿದರೂ ಕಂಪೆನಿಯ ಕೃಷ್ಣಮೋಹನ ಮೊದಲು ಹೆಬ್ಬೆರಳು ಎತ್ತಿ ತೋರಿಸುತ್ತಾನೆ, ಆಮೇಲೆ ಓದುತ್ತಾನೋ ಇಲ್ಲವೋ ದೇವರಿಗೇ ಗೊತ್ತು.

ಕಂಪೆನಿಯ ಪ್ರಯೋಗಕ್ಕೆ ನೀನು ಹಾಕಿದ ಹಂಚಿಕೆಯ ನಕ್ಷೆಯನ್ನು ನೆಲದ ಮೇಲೆ ಗೇರುಬೀಜ ಇಟ್ಟು ಮಾಡಿ ನೋಡಿದೆ. ಗೇರಿನ ಚಿಗುರು ಹೀರುವ ಟೀ ಸೊಳ್ಳೆ ಎಂಬ ಕೀಟಕ್ಕೆ ಏಳು ಹೊಸ ಮದ್ದು, ಏಳು ಗುಡ್ಡ, ಒಂದು ಗುಡ್ಡವನ್ನು ಮೂರು ಪಾಲು ಮಾಡಿ ಪಾಲಿಗೊಂದರಂತೆ ಮೂರೇ ಮದ್ದು. ಮೊದಲನೆಯದಕ್ಕೆ ಒಂದು, ಎರಡು, ನಾಲ್ಕು. ಪ್ರತಿಯೊಂದಕ್ಕೂ ಒಂದು ಕೂಡಿಸಿದರೆ ಮುಂದಿನ ಗುಡ್ಡಕ್ಕೆ ಎರಡು, ಮೂರು, ಐದು. ಇನ್ನೊಂದು ಕೂಡಿಸಿದರೆ ಮೂರು, ನಾಲ್ಕು, ಆರು. ಏಳು ದಾಟಿದ ಕೂಡಲೇ ಮತ್ತೆ ಒಂದು. ಹೀಗೆ ಏಳು ಗುಡ್ಡ ಮುಗಿಯುವಾಗ ಪ್ರತಿ ಮದ್ದೂ ಮೂರು ಗುಡ್ಡ ಹತ್ತಿರುತ್ತದೆ. ಯಾವ ಎರಡು ಮದ್ದನ್ನು ಹಿಡಿದರೂ ಅವು ಒಂದೇ ಒಂದು ಗುಡ್ಡದಲ್ಲಿ ಜೊತೆಯಾಗಿರುತ್ತವೆ. ಇಪ್ಪತ್ತೊಂದು ಜೋಡಿಯನ್ನೂ ಎಣಿಸಿದೆ. ಒಂದೂ ಬಿಟ್ಟಿಲ್ಲ, ಒಂದೂ ಎರಡು ಸಲ ಬಂದಿಲ್ಲ. ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವನಿಗೆ ಗೇರುಬೀಜದ ಮುಂದೆ ಕೂತು ಕಣ್ಣು ತುಂಬಿತು. ನಿನ್ನ ಬಗ್ಗೆ ಹೆಮ್ಮೆಯಾಯಿತು ಮಗಾ.

ಮದ್ದು ಬಿಡಲು ಆಲೆಟ್ಟಿಯ ಕುಕ್ಕಪ್ಪ ಒಪ್ಪಿದ್ದಾನೆ. ಐವತ್ತರ ಆಸುಪಾಸಿನ ಆಳು, ಡ್ರಮ್ಮು ಪೈಪು ಹಿಡಿದು ಇಪ್ಪತ್ತು ವರ್ಷ ಪಳಗಿದವನು. ಅವನ ಮಗಳು ಭವಿತಾ ದ್ವಿತೀಯ ಪಿಯುಸಿ. ಭಾನುವಾರ ಬಸ್ಸು ಹತ್ತಿ ನನ್ನಲ್ಲಿಗೆ ಗಣಿತ ಹೇಳಿಸಿಕೊಳ್ಳಲು ಬರುತ್ತಾಳೆ. ಕುಕ್ಕಪ್ಪ ನಿನ್ನ ಬಾಟಲಿಗಳನ್ನು ತಿರುಗಿಸಿ ನೋಡಿ, "ಇದೆಂತ ಮಾರಾಯ್ರೆ, ಹೆಸರೇ ಇಲ್ಲ, ಬರೀ ನಂಬ್ರ! ಹೆಸರಿಲ್ಲದ್ದನ್ನು ನಂಬುದು ಹೇಗೆ?" ಎಂದ. ಹೆಸರು ಗೊತ್ತಾದರೆ ನಾವು ಒಂದರ ಪಕ್ಷ ವಹಿಸಿಬಿಡುತ್ತೇವೆ, ಅದಕ್ಕೆ ಮುಚ್ಚಿಟ್ಟಿದ್ದಾರೆ ಎಂದೆ. "ನಾನು ಎಂತ ಚುನಾವಣೆಗೆ ನಿಂತದ್ದಾ?" ಎಂದು ನಕ್ಕ.

ತೀರ್ಥರಾಮ


ಧಾರವಾಡ
27 ನವೆಂಬರ್ 2024

ಪ್ರೀತಿಯ ಸರ್,

ನಿಮ್ಮ ಕಾಗದ ಓದಿ ಕಚೇರಿಯಲ್ಲೇ ಜೋರಾಗಿ ನಕ್ಕೆ. ಬೆಂಚಿನ ಮೇಲೆ ನಿಲ್ಲಿಸಿದ್ದು ಒಂಬತ್ತನೇ ತರಗತಿಯಲ್ಲಲ್ಲ, ಹತ್ತನೇ ತರಗತಿಯಲ್ಲಿ. ಪೆಟ್ಟು ತಿಂದವರಿಗೆ ಲೆಕ್ಕ ಸರಿಯಾಗಿ ನೆನಪಿರುತ್ತದೆ.

ನಕ್ಷೆ ನಿಮಗೆ ಹಿಡಿಸಿದ್ದು ನನಗೆ ಸಂಬಳಕ್ಕಿಂತ ದೊಡ್ಡದು. ಇಲ್ಲಿ ಯಾರಿಗೂ ಅದರ ಚಂದ ಕಾಣುವುದಿಲ್ಲ, ಕೊನೆಗೆ ಯಾವ ಮದ್ದು ಗೆದ್ದಿತು ಎಂದಷ್ಟೇ ಕೇಳುತ್ತಾರೆ. ಎರಡು ಮದ್ದು ಒಂದೇ ಗುಡ್ಡದಲ್ಲಿ, ಒಂದೇ ದಿನ, ಒಂದೇ ಬಿಸಿಲಿನಲ್ಲಿ ಎದುರುಬದುರಾದರೆ ಮಾತ್ರ ಹೋಲಿಕೆ ನ್ಯಾಯವಾಗುತ್ತದೆ. ಎಲ್ಲ ಜೋಡಿಗೂ ಆ ನ್ಯಾಯ ಒಂದೊಂದು ಸಲ ಸಿಗುವಂತೆ ಮಾಡಿದ್ದೇನೆ. ಒಂದು ಗುಡ್ಡ ತಪ್ಪಿದರೂ ಈ ಸಮತೋಲ ಉಳಿಯುವುದಿಲ್ಲ.

ಆದ್ದರಿಂದ ಮೂರು ಮಾತು. ಒಂದು ಗುಡ್ಡದ ಮೂರೂ ಮದ್ದು ಒಂದೇ ದಿನ ಮುಗಿಯಬೇಕು. ಮದ್ದಿನಿಂದ ಮದ್ದಿಗೆ ಹೋಗುವಾಗ ಡ್ರಮ್ಮನ್ನು ಮೂರು ಸಲ ತೊಳೆಯಬೇಕು, ತೊಳೆದ ನೀರನ್ನು ಗುಂಡಿ ತೋಡಿ ಸುರಿಯಬೇಕು. ಇದು ನಡೆದದ್ದನ್ನು ನೀವು ಎದುರಿಗೆ ನಿಂತು ನೋಡಿ ಹಾಳೆಗೆ ಸಹಿ ಹಾಕಬೇಕು. ತೊಳೆಯುವುದನ್ನು ಮಾತ್ರ ದಯವಿಟ್ಟು ಮರೆಯಬೇಡಿ ಸರ್. ಒಂದು ಮದ್ದಿನ ಗುಣ ಇನ್ನೊಂದರ ಲೆಕ್ಕಕ್ಕೆ ಸೇರಿದರೆ ಎಲ್ಲ ವ್ಯರ್ಥ.

ಕೆದಂಬಾಡಿಯ ಗುಡ್ಡಕ್ಕೆ ಹೋದಾಗ ಉಮ್ಮನನ್ನು ಕಂಡು ಬನ್ನಿ. ನೆಬೀಸಾಳ ಮನೆ ಎಂದರೆ ಯಾರು ಬೇಕಾದರೂ ತೋರಿಸುತ್ತಾರೆ. ಮಗಳು ಗೇರುಮರಕ್ಕೆ ಲೆಕ್ಕ ಹಾಕುತ್ತಾಳೆ ಎಂದರೆ ಅವರಿಗೆ ಅರ್ಥವಾಗದು, ಆದರೆ ಸಂತೋಷಪಡುತ್ತಾರೆ.

ನಿಮ್ಮ ಇರ್ಫಾನಾ


ಪಂಜ
14 ಡಿಸೆಂಬರ್ 2024

ಇರ್ಫಾನಾ,

ಕೆದಂಬಾಡಿಯದೂ ನಮ್ಮ ಪಂಜದ್ದೂ ಮುಗಿದವು. ಸಹಿ ಹಾಕಿದ ಹಾಳೆಗಳು ಜೊತೆಗಿವೆ. ನಿನ್ನ ಉಮ್ಮ ಕೊಟ್ಟ ಪತ್ತಿರಿ ರೊಟ್ಟಿ ತಿಂದು ಕುಕ್ಕಪ್ಪ ಎರಡನೇ ಪಾಲಿನ ಮರಕ್ಕೆ ಅರ್ಧ ಗಂಟೆ ತಡವಾಗಿ ಹೋದ. ಆ ಅರ್ಧ ಗಂಟೆಯನ್ನು ಯಾವ ಕಾಲಮಿನಲ್ಲಿ ತುಂಬಬೇಕೋ ತಿಳಿಯದೆ ಬಿಟ್ಟಿದ್ದೇನೆ.

ಇಲ್ಲಿ ದೊಡ್ಡ ಕಷ್ಟ ನೀರಿನದು. ಒಣ ಗುಡ್ಡದ ನೆತ್ತಿಗೆ ಮಮ್ಮುವಿನ ಪಿಕಪ್ಪಿನಲ್ಲಿ ಟ್ಯಾಂಕಿ ಏರಿಸಿ ತರಬೇಕು. ಏರು ಕಂಡರೆ ಪಿಕಪ್ಪಿಗಿಂತ ಮೊದಲು ಮಮ್ಮು ಕೆಮ್ಮುತ್ತಾನೆ. ಮದ್ದು ಕಲಸಲು ತಂದ ನೀರಿನಲ್ಲಿ ಡ್ರಮ್ಮು ತೊಳೆಯಿರಿ ಎಂದರೆ ಅವನ ಮುಖ ನೋಡಬೇಕು.

ಕುಕ್ಕಪ್ಪ ಕೆಲಸದಲ್ಲಿ ಚೊಕ್ಕ. ಅವನದೊಂದು ಹಠ ಉಂಟು: ಮದ್ದು ಮಣ್ಣಿಗೆ ಬೀಳಬಾರದು. ಕಡಬದ ಕಡೆ ಅವನ ಅಕ್ಕನ ಮನೆ. ಹಿಂದೆ ಗೇರುಗುಡ್ಡಗಳಿಗೆ ಆಕಾಶದಿಂದ ಮದ್ದು ಬಿಟ್ಟ ಕಾಲದಲ್ಲಿ ಆ ಮನೆಯಲ್ಲಿ ಹುಟ್ಟಿದ ಕೂಸು ಇವತ್ತಿಗೂ ಎದ್ದು ಕೂತಿಲ್ಲ. "ಚೆಲ್ಲಿದ್ದು ಮಳೆ ಬಂದಾಗ ತೋಡಿಗೆ ಇಳಿತದೆ ಮಾಷ್ಟ್ರೆ, ತೋಡಿಂದ ಬಾವಿಗೆ. ಮರಕ್ಕೆ ತಂದದ್ದು ಮರಕ್ಕೇ ಹೋಗ್ಬೇಕು" ಎನ್ನುತ್ತಾನೆ. ಅವನ ಊರಿನ ಕಡೆ ಮದ್ದು ಬಿಡುವವರೆಲ್ಲ ಹೀಗೆಯೇ. ಉಳಿದ ಒಂದು ತಂಬಿಗೆಯನ್ನೂ ಯಾರೂ ನೆಲಕ್ಕೆ ಸುರಿಯುವುದಿಲ್ಲ.

ನಾನು ಗುಡ್ಡದ ಬುಡದಲ್ಲಿ ನಿಂತು ಎಲ್ಲ ನೋಡಿಕೊಳ್ಳುತ್ತಿದ್ದೇನೆ. ನೀನು ಚಿಂತೆ ಬಿಡು.

ತೀರ್ಥರಾಮ


ಧಾರವಾಡ
24 ಡಿಸೆಂಬರ್ 2024

ಪ್ರೀತಿಯ ಸರ್,

ಹಾಳೆಗಳು ಬಂದವು. 'ಡ್ರಮ್ ಮೂರು ಸಲ ತೊಳೆದಿದೆ, ನನ್ನ ಎದುರಿನಲ್ಲಿ' ಎಂಬ ಸಾಲು ಎಲ್ಲ ಕಡೆ ಒಂದೇ ಶಾಯಿಯಲ್ಲಿ, ಒಂದೇ ಕೈಬರಹದಲ್ಲಿ, ಬೆವರಿನ ಒಂದು ಕಲೆಯೂ ಇಲ್ಲದೆ ಇದೆ. ನಮ್ಮ ಕಾಪಿ ಪುಸ್ತಕ ಇಷ್ಟು ಚಂದ ಇದ್ದರೆ ನೀವು ಯಾರನ್ನು ನೋಡಿ ಬರೆದದ್ದು ಎಂದು ಕೇಳುತ್ತಿದ್ದಿರಿ.

ತಮಾಷೆ ಬಿಡಿ. ಸೊಳ್ಳೆ ಕಚ್ಚಿದ ಚಿಗುರು ಎಣಿಸಿದ ಲೆಕ್ಕ ನೋಡಿದೆ. ಎರಡೂ ಗುಡ್ಡದಲ್ಲಿ ಎರಡನೇ ಪಾಲು, ಮೂರನೇ ಪಾಲು ಯಾಕೋ ಮೊದಲನೆಯದಕ್ಕಿಂತ ಬಹಳ ಚೆನ್ನಾಗಿವೆ. ಕಾಕತಾಳೀಯವೇ ಇರಬಹುದು. ಎರಡು ಗುಡ್ಡದಿಂದ ಏನೂ ಹೇಳಲಾಗದು.

ಮುಂದಿನದು ಆಲೆಟ್ಟಿ: ಮೂರು, ನಾಲ್ಕು, ಆರು. ಚೀಟಿ ಎತ್ತಿದಾಗ ಬಂದ ಕ್ರಮ ಮೂರು, ಆರು, ನಾಲ್ಕು. ಹೂ ಬಿಟ್ಟಿರುವುದರಿಂದ ಜನವರಿ ಐದರ ಒಳಗೆ ಮುಗಿಯಬೇಕು. ಒಂದು ಕೋರಿಕೆ ಸರ್. ಆ ದಿನ ನೀವೇ ಮೇಲೆ ಹತ್ತಿ ನಿಲ್ಲಿ. ಬುಡದಲ್ಲಿ ಬೇಡ. ಮೂರು ಮುಗಿದು ಆರು ಕಲಸುವ ಮೊದಲು ಡ್ರಮ್ಮಿನ ಒಳಗೆ ಇಣುಕಿ ನೋಡಿ. ಕಾರಣ ವಿಶೇಷವೇನಿಲ್ಲ, ಲೆಕ್ಕ ಶುದ್ಧವಾಗಿರಲಿ ಎಂದು.

ಇರ್ಫಾನಾ


ಸುಳ್ಯ, ಆಸ್ಪತ್ರೆಯ ಜಗಲಿಯಿಂದ
5 ಜನವರಿ 2025

ಇರ್ಫಾನಾ,

ಬೆಳಿಗ್ಗೆ ಒಂಬತ್ತಕ್ಕೆ ಫೋನು ಮಾಡಿದಾಗ ಪಕ್ಕದಲ್ಲಿ ಕುಕ್ಕಪ್ಪನ ಹೆಂಡತಿ ದೇವಮ್ಮ ಇದ್ದಳು, ಎಲ್ಲ ಹೇಳಲು ಆಗಲಿಲ್ಲ. ಈಗ ಬರೆಯುತ್ತೇನೆ.

ಆಲೆಟ್ಟಿಯ ಗುಡ್ಡ ನಿನ್ನೆ ಮುಗಿಯಿತು. ಗಾಳಿ ಎದುರಾಗಿತ್ತು, ಕುಕ್ಕಪ್ಪನ ಅಂಗಿ ಮದ್ದಿನಿಂದ ಒದ್ದೆಯಾಗಿತ್ತು. ಮನೆಗೆ ಹೋಗುವ ದಾರಿಯಲ್ಲೇ ವಾಂತಿ. ಸಂಜೆ ಇಲ್ಲಿಗೆ ತರುವಾಗ ಬಾಯಿಯಿಂದ ನೊರೆ, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸಾಸಿವೆಯಷ್ಟು. ನನ್ನನ್ನು ನೋಡಿ ಏನೋ ಹೇಳಲು ಹೋದ, ನಾಲಿಗೆ ತಿರುಗಲಿಲ್ಲ.

ಡಾಕ್ಟರು ಒಳ್ಳೆಯವರು, ರಾತ್ರಿಯಿಡೀ ಬಿಟ್ಟು ಹೋಗಿಲ್ಲ. "ಯಾವ ಮದ್ದು? ಬಾಟ್ಲಿ ತನ್ನಿ" ಎಂದರು. ತಂದೆ. ಅವರು ತಿರುಗಿಸಿ ನೋಡಿ, "ಇದರಲ್ಲಿ ಎಂತ ಉಂಟು? ಮೂರು, ಆರು, ನಾಲ್ಕು! ನಾನು ಇದಕ್ಕೆ ಎಂತ ಕೊಡುದು ಮಾಷ್ಟ್ರೆ?" ಎಂದರು. ಸಾಮಾನ್ಯವಾಗಿ ಕೊಡುವುದನ್ನು ಕೊಡುತ್ತಿದ್ದಾರೆ. ಹೆಸರು ತಿಳಿದರೆ ದಾರಿ ಕಾಣುತ್ತದಂತೆ.

"ಕಂಪೆನಿಗೆ ಕೇಳಿ ಹೇಳುತ್ತೇನೆ" ಎಂದೆಯಲ್ಲ, ಬೇಗ ಕೇಳು. ಆಮೇಲೆ ನಾಲ್ಕು ಸಲ ಮಾಡಿದೆ, ನೀನು ಎತ್ತಲಿಲ್ಲ. ಭವಿತಾ ಬಾಗಿಲ ಬಳಿ ನಿಂತಿದ್ದಾಳೆ.

ಸಹಿ ಹಾಕಿದ ಆಲೆಟ್ಟಿಯ ಹಾಳೆಯನ್ನು ಇದರಲ್ಲೇ ಇಟ್ಟಿದ್ದೇನೆ.

ತೀರ್ಥರಾಮ


ಧಾರವಾಡ
6 ಜನವರಿ 2025

ಪ್ರಿಯ ಸರ್,

ನಿನ್ನೆ ಫೋನ್ ಎತ್ತಲಾಗದ್ದಕ್ಕೆ ಕ್ಷಮಿಸಿ, ಕಂಪೆನಿಯವರ ಜೊತೆ ಮಾತಿನಲ್ಲಿದ್ದೆ. ನಂಬರಿಗೆ ಹೆಸರು ಹೊಂದಿಸುವ ಪಟ್ಟಿ ಅವರ ಬಳಿ ಮೊಹರು ಮಾಡಿದ ಲಕೋಟೆಯಲ್ಲಿದೆ. ಅದನ್ನು ಒಡೆದರೆ ಇಡೀ ಪ್ರಯೋಗ ಅಲ್ಲಿಗೆ ನಿಲ್ಲುತ್ತದೆ, ಹಾಗಾಗಿ ಮೇಲಿನವರ ಒಪ್ಪಿಗೆ ಬೇಕಂತೆ. ಇವತ್ತು ಮಧ್ಯಾಹ್ನದೊಳಗೆ ಕೃಷ್ಣಮೋಹನ ನೇರವಾಗಿ ಡಾಕ್ಟರಿಗೇ ತಿಳಿಸುತ್ತಾರೆ. ಕುಕ್ಕಪ್ಪ ಗಟ್ಟಿ ಜೀವ ಎಂದು ನೀವೇ ಹೇಳಿದ್ದೀರಿ. ಎರಡು ದಿನದಲ್ಲಿ ಎದ್ದು ಕೂರುತ್ತಾರೆ, ನೋಡಿ.

ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳಬೇಕು. ಇನ್ನು ನಾಲ್ಕು ಗುಡ್ಡ ಬಾಕಿ ಇವೆ, ಹೂವಿನ ಕಾಲ ಕಾಯುವುದಿಲ್ಲ. ಕುಕ್ಕಪ್ಪ ಚೇತರಿಸಿಕೊಳ್ಳುವ ತನಕ ಬೇರೆ ಯಾರಾದರೂ ಸಿಗುತ್ತಾರೆಯೇ ನೋಡಿ. ನಡುವೆ ನಿಂತರೆ ಹನ್ನೆರಡು ಜೋಡಿಗಳ ಹೋಲಿಕೆ ಸಿಗದೇ ಹೋಗುತ್ತದೆ, ಮಾಡಿದ ಮೂರು ಗುಡ್ಡದ ಶ್ರಮವೂ ದಂಡ.

ಇರ್ಫಾನಾ


ಪಂಜ
20 ಜನವರಿ 2025

ಇರ್ಫಾನಾ,

ನಿನ್ನ ಆರನೇ ತಾರೀಕಿನ ಕಾಗದ ಹತ್ತಕ್ಕೆ ಬಂತು. ಕುಕ್ಕಪ್ಪ ಏಳಕ್ಕೆ ಹೋಗಿಯಾಗಿತ್ತು. 'ಎರಡು ದಿನದಲ್ಲಿ ಎದ್ದು ಕೂರುತ್ತಾರೆ' ಎಂಬ ಸಾಲನ್ನು ಅವನ ಉತ್ತರಕ್ರಿಯೆಯ ದಿನ ಬೊಜ್ಜದ ಮನೆಗೆ ಹೋಗುವ ಬಸ್ಸಿನಲ್ಲಿ ಮತ್ತೊಮ್ಮೆ ಓದಿದೆ. ನಿನ್ನ ಮೇಲೆ ಇಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ.

ಕೃಷ್ಣಮೋಹನ ಡಾಕ್ಟರಿಗೆ ಫೋನು ಮಾಡಿದ್ದು ಸೋಮವಾರ ನಾಲ್ಕು ಗಂಟೆಗೆ. ಮಂಗಳವಾರ ಬೆಳಕು ಹರಿಯುವ ಹೊತ್ತಿಗೆ ಉಸಿರು ನಿಂತಿತು. ಭಾನುವಾರ ಒಂಬತ್ತರಿಂದ ಸೋಮವಾರ ನಾಲ್ಕರವರೆಗೆ ಮೂವತ್ತೊಂದು ಗಂಟೆ. ಹೆಸರು ಹೇಳಲು ಇಷ್ಟು ಹೊತ್ತು ಬೇಕೇ?

ಇನ್ನು ಕೇಳು. ಠಾಣೆಗೆ ಕಂಪೆನಿ ಬರೆದು ಕೊಟ್ಟ ಹೇಳಿಕೆಯಲ್ಲಿ ಹೀಗಿದೆ: ಕೆಲಸದ ವೇಳೆ ಮದ್ದುಗಳು ಬೆರೆತಿಲ್ಲ, ಅದಕ್ಕೆ ಸಹಿ ಹಾಕಿದ ದಾಖಲೆ ಇದೆ, ಮೃತನು ಮನೆಯ ಬೇಸರದಿಂದ ಉಳಿದ ಮದ್ದನ್ನು ಸೇವಿಸಿರಬಹುದು. ಮನೆಯ ಬೇಸರ ಎಂಬುದು ಅವರಿಗೆ ಎಲ್ಲಿಂದ ಸಿಕ್ಕಿತು ಎಂದರೆ, ಭವಿತಾಳ ಬಾಯಿಂದಲೇ. ಆಲೆಟ್ಟಿಯ ಕೆಲಸದ ಹಿಂದಿನ ಸಂಜೆ ಅವಳು ಅಪ್ಪನಿಗೆ, "ನಮ್ಮ ಕಾಲೇಜ್ ಡೇಗೆ ನೀವು ಬರುದು ಬೇಡಪ್ಪ, ನಿಮ್ಮ ಮೈಯೆಲ್ಲ ಮದ್ದು ವಾಸನೆ" ಎಂದಿದ್ದಳಂತೆ. ಅವನು ಬಚ್ಚಲಿಗೆ ಹೋಗಿ ಎರಡೆರಡು ಸಲ ಸಾಬೂನು ಹಾಕಿ ಮಿಂದನಂತೆ. ಕೇಳಿದವರಿಗೆಲ್ಲ ಆ ಹುಡುಗಿ ಅದನ್ನೇ ಹೇಳುತ್ತಾಳೆ: "ನಾನು ಹೇಳಿದ್ದಕ್ಕೆ ಅಪ್ಪ ಕುಡಿದದ್ದು."

ಊರಿನ ಬಾಯಿಗೆ ಅಷ್ಟು ಸಾಕಲ್ಲ. ಅವಳು ಕಾಲೇಜಿಗೆ ಹೋಗುತ್ತಿಲ್ಲ, ಅನ್ನ ಮುಟ್ಟುತ್ತಿಲ್ಲ. ದೇವಮ್ಮ ಬಾವಿಕಟ್ಟೆಯ ಬಳಿ ಅವಳೊಬ್ಬಳನ್ನೇ ಬಿಡುವುದಿಲ್ಲ. ಗಂಡನಿಗಾಗಿ ಅಳಲಿಕ್ಕೂ ಅವಳಿಗೆ ಪುರುಸೊತ್ತಿಲ್ಲ.

ಮೂರು ಎಂದರೆ ಏನು, ಆರು ಎಂದರೆ ಏನು? ನನಗೆ ಈಗ ಹೇಳು.

ತೀರ್ಥರಾಮ


ಧಾರವಾಡ
30 ಜನವರಿ 2025

ಮಾನ್ಯರೇ,

ಪ್ರಯೋಗದ ವಿಷಯವಾಗಿ ಯಾರಿಗೂ ಪತ್ರ ಬರೆಯಬಾರದು ಎಂದು ಕಂಪೆನಿಯ ವಕೀಲರು ಹೇಳಿದ್ದಾರೆ. ಇದು ನನ್ನ ಸ್ವಂತ ಕಾಗದ.

ಸರ್, ನಾನು ಅತ್ತಿದ್ದೇನೆ. ನೀವು ನಂಬದಿದ್ದರೂ ಪರವಾಗಿಲ್ಲ. ಆದರೆ ಮತ್ತೆ ಮತ್ತೆ ನಿಮ್ಮ ಹಾಳೆಯನ್ನೇ ನೋಡುತ್ತಿದ್ದೇನೆ. ಆಲೆಟ್ಟಿ, ನಾಲ್ಕನೇ ತಾರೀಕು, ಡ್ರಮ್ ಮೂರು ಸಲ ತೊಳೆದಿದೆ, ನನ್ನ ಎದುರಿನಲ್ಲಿ, ತೀರ್ಥರಾಮ. ನಿಮ್ಮ ಸಹಿ ಸುಳ್ಳಾಗುವುದಿಲ್ಲ. ನಮ್ಮ ಉತ್ತರಪತ್ರಿಕೆಯಲ್ಲಿ ಅರ್ಧ ಅಂಕ ಹೆಚ್ಚು ಬಿದ್ದರೆ ಮನೆಯಿಂದ ಕರೆಸಿ ತಿದ್ದಿದವರು ನೀವು. ತೊಳೆದದ್ದು ನಿಜವಾದರೆ ಮದ್ದು ಬೆರೆತಿಲ್ಲ. ಬೆರೆಯದಿದ್ದರೆ, ಒಂದೊಂದು ಮದ್ದೂ ಮೈಮೇಲೆ ಬಿದ್ದ ಮಾತ್ರಕ್ಕೆ ಜೀವ ತೆಗೆಯುವಷ್ಟು ಬಲದ್ದಲ್ಲ. ಹಾಗಾದರೆ ಅವರು ಕುಡಿದಿರಬಹುದಲ್ಲವೇ? ಆ ಹುಡುಗಿ ಹೇಳುವುದೇ ನಿಜವಿರಬಹುದಲ್ಲವೇ?

ನೀವು ಆ ದಿನ ಮೇಲೆ ಇದ್ದಿರಿ ತಾನೇ?

ಇರ್ಫಾನಾ


ಪಂಜ
9 ಫೆಬ್ರವರಿ 2025

ಇರ್ಫಾನಾ,

ಇರಲಿಲ್ಲ.

ಒಂದು ದಿನವೂ ಇರಲಿಲ್ಲ. ಮೊದಲ ಗುಡ್ಡದಲ್ಲಿ ಅರ್ಧ ಹತ್ತುವಾಗ ಮಂಡಿ ಕೈಕೊಟ್ಟಿತು. ಹೇಳಿದರೆ ಕೆಲಸ ತಪ್ಪುತ್ತದೆ ಎಂಬ ಭಯವಲ್ಲ. ಮೇಷ್ಟ್ರಿಗೆ ವಯಸ್ಸಾಯಿತು ಎಂದು ನೀನು ತಿಳಿಯುತ್ತೀ ಎಂಬ ನಾಚಿಕೆ. ಮಮ್ಮುವಿನ ಪಿಕಪ್ಪಿನಲ್ಲಿ ಕೂತು ಹಾಳೆ ತುಂಬಿದೆ. ಆಲೆಟ್ಟಿಯ ಹಾಳೆಗೆ ಹಿಂದಿನ ದಿನವೇ ಮನೆಯಲ್ಲಿ ಸಹಿ ಹಾಕಿದ್ದೆ. ನಿನ್ನ ಕಾಗದ ಬಂದ ಮೇಲೂ ಹತ್ತಲಿಲ್ಲ. ಕಾರಣ ವಿಶೇಷವೇನಿಲ್ಲ ಎಂದು ನೀನೇ ಬರೆದಿದ್ದೆಯಲ್ಲ.

ಡ್ರಮ್ಮು ಯಾವ ಗುಡ್ಡದಲ್ಲೂ ತೊಳೆದಿಲ್ಲ. ನೀರಿನ ಕಷ್ಟ ಒಂದು. ದೊಡ್ಡ ಕಾರಣ ಬೇರೆ. ತೊಳೆದರೆ ಉಳಿದ ಮದ್ದನ್ನು ನೆಲಕ್ಕೆ ಸುರಿಯಬೇಕು. ಕುಕ್ಕಪ್ಪ ಅದನ್ನು ಮಾಡುವವನಲ್ಲ. ಅಡಿಯಲ್ಲಿ ಉಳಿದದ್ದರ ಮೇಲೆಯೇ ಮುಂದಿನದನ್ನು ಕಲಸುತ್ತಿದ್ದ. ಮೊದಲ ದಿನವೇ ನನಗೆ ಹೇಳಿದ್ದ, ಮುಚ್ಚಿಟ್ಟಿರಲಿಲ್ಲ. "ತೊಳೆದದ್ದು ಅಂತ ಬರೀರಿ ಮಾಷ್ಟ್ರೆ, ಮರಕ್ಕೆ ಎರಡು ಮದ್ದು ಸಿಕ್ಕಿದ್ರೆ ಅದಕ್ಕೆಂತ ಬೇಜಾರಾ?" ಎಂದ. ನಾನೂ ನಕ್ಕೆ, ಬರೆದೆ. ಆಲೆಟ್ಟಿಯಲ್ಲಿ ಮೂರನೇ ನಂಬರಿನ ಮದ್ದು ಕಾಲು ಡ್ರಮ್ಮು ಉಳಿದಿತ್ತಂತೆ, ಅದಕ್ಕೇ ಆರನೆಯದನ್ನು ಸೇರಿಸಿದನಂತೆ. ಮಮ್ಮು ನೀರು ಕೊಡಲು ಹೋದಾಗ ನೋಡಿದ್ದಾನೆ, ಠಾಣೆಗೂ ಬಂದು ಹೇಳುತ್ತೇನೆ ಎಂದಿದ್ದಾನೆ.

ನಿನ್ನೆ ಕುಕ್ಕಪ್ಪನ ಮನೆಗೆ ಹೋಗಿ ತಾಯಿ ಮಗಳ ಎದುರು ಇದನ್ನೆಲ್ಲ ಹೇಳಿದೆ. ದೇವಮ್ಮ ನನಗೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ನೀವು ಕಲಿಸಿದವರಲ್ವಾ ಮಾಷ್ಟ್ರೆ" ಎಂದಳು, ಅಷ್ಟೆ. ಭವಿತಾ ಮಾತ್ರ ನಂಬಲಿಲ್ಲ. "ನೀವು ನನ್ನ ಸಮಾಧಾನಕ್ಕೆ ಹೇಳುದು ಸರ್. ಎರಡು ಮದ್ದು ಸೇರಿದ್ರೆ ಮೈಮೇಲೆ ಬಿದ್ದೇ ಸಾಯ್ತಾರೆ ಅಂತ ಎಲ್ಲಿ ಬರೆದುಂಟು? ತೋರಿಸಿ" ಎಂದಳು. ತೋರಿಸಲು ನನ್ನ ಬಳಿ ಏನಿದೆ? ಮತ್ತೆ, "ಅದು ನಿಜವೇ ಆದ್ರೆ, ಆ ಎರಡು ಅಪ್ಪನ ಕೈಗೆ ಒಂದೇ ದಿನ ಬಾರದ ಹಾಗೆ ಮಾಡ್ಲಿಕ್ಕೆ ಆಗ್ತಿರ್ಲಿಲ್ವಾ?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿತ್ತು, ಆದರೆ ನಕ್ಷೆ ನಿನ್ನದು. ನೀನೇ ಹೇಳಬೇಕು.

ನಾಳೆ ಠಾಣೆಗೆ ಹೋಗಿ ನನ್ನ ಸಹಿ ಸುಳ್ಳು ಎಂದು ಬರೆದು ಕೊಡುತ್ತೇನೆ. ಏನು ಮಾಡುತ್ತಾರೋ ಮಾಡಲಿ. ಆದರೆ ಅದು ಅರ್ಧ ಮಾತ್ರ. ಬೆರೆತದ್ದಕ್ಕೆ ನಾನು ಸಾಕ್ಷಿ, ಬೆರೆತರೆ ಏನಾಗುತ್ತದೆ ಎಂಬುದಕ್ಕೆ ಯಾರು? ಮೂರು ಮುಗಿದು ಆರು ಕಲಸುವ ಮೊದಲು ಡ್ರಮ್ಮಿಗೆ ಇಣುಕಿ ನೋಡಿ ಎಂದು ಬರೆದವಳು ನೀನು. ಉಳಿದ ಇಪ್ಪತ್ತು ಜೋಡಿಗೆ ಹಾಗೆ ಬರೆಯಲಿಲ್ಲ. ಈ ಒಂದು ತಿಂಗಳು ನನಗೆ ಅದೊಂದೇ ಯೋಚನೆ.

ಮಾರ್ಚ್ ಮೊದಲ ವಾರ ಅವಳ ಪರೀಕ್ಷೆ. ಪರೀಕ್ಷೆ ಹಾಳಾಗಿ ಹೋಗಲಿ, ಮಗು ಉಳಿಯಬೇಕು.

ತೀರ್ಥರಾಮ


ಧಾರವಾಡ
14 ಫೆಬ್ರವರಿ 2025

ಭವಿತಾ,

ನಿನಗೆ ನನ್ನ ಪರಿಚಯವಿಲ್ಲ. ತೀರ್ಥರಾಮ ಸರ್ ಬಳಿ ನಾನೂ ನಿನ್ನ ಹಾಗೆ ಗಣಿತ ಕಲಿತವಳು. ನಿನ್ನ ಅಪ್ಪ ಬಿಟ್ಟ ಮದ್ದುಗಳನ್ನು ಯಾವ ಗುಡ್ಡಕ್ಕೆ ಯಾವುದು ಎಂದು ಹಂಚಿದವಳು ನಾನು. ಈ ಕಾಗದವನ್ನು ಸರ್ ಅವರಿಗೆ ಕಳುಹಿಸಬಹುದಿತ್ತು. ಆದರೆ ಕೇಳಿದವಳು ನೀನು.

ಎಲ್ಲಿ ಬರೆದಿದೆ ತೋರಿಸಿ ಎಂದೆಯಂತೆ. ಇದರೊಳಗೆ ಮೊದಲನೇ ಹಾಳೆ ನೋಡು. ಅದು ಕಂಪೆನಿಯ ಪ್ರಯೋಗಾಲಯ ನನಗೆ ಕಳುಹಿಸಿದ ಸೂಚನೆ. ಮೂರು ಮತ್ತು ಆರು ಯಾವ ಮದ್ದು ಎಂಬ ಹೆಸರು ಅಲ್ಲಿದೆ. ಮೂರನೆಯದು, ಒಳಗೆ ಹೋದ ವಿಷವನ್ನು ಕರಗಿಸುವ ದೇಹದ ಶಕ್ತಿಯನ್ನೇ ತಡೆಯುತ್ತದೆ. ಅದರ ಜೊತೆ ಆರು ಬೆರೆತರೆ ಚರ್ಮದಿಂದ ಇಳಿದ ಸ್ವಲ್ಪವೂ ಹಲವು ಪಟ್ಟು ಏರುತ್ತದೆ. ಇವೆರಡನ್ನು ಒಂದೇ ಪಾತ್ರೆಯಲ್ಲಿ ಬೆರೆಸಬಾರದು ಎಂದು ಸ್ಪಷ್ಟವಾಗಿ ಬರೆದಿದೆ. ಬಾಯಿಂದ ಕುಡಿಯಬೇಕಾಗಿಲ್ಲ. ನಿನ್ನ ಅಪ್ಪ ಕುಡಿಯಲಿಲ್ಲ ಭವಿತಾ. ನೀನು ಆಡಿದ ಮಾತಿಗೂ ಅವರು ಹೋದದ್ದಕ್ಕೂ ಸಂಬಂಧವಿಲ್ಲ. ಒದ್ದೆ ಅಂಗಿಯಲ್ಲಿ ಇಡೀ ಮಧ್ಯಾಹ್ನ ನಿಂತು ಕೆಲಸ ಮುಗಿಸಿದ್ದರಿಂದ ಹೋದರು.

ಸೂಚನೆಯ ಮೇಲಿನ ತಾರೀಕು ನೋಡು: ನವೆಂಬರ್ ಹನ್ನೊಂದು. ನಾನು ಅವತ್ತೇ ಓದಿದೆ. ಸರ್ ಅವರಿಗೆ ಹೇಳಲಿಲ್ಲ, ಯಾಕೆಂದರೆ ಹೇಳಿದರೆ ನಂಬರಿನ ಗುಟ್ಟು ಬಯಲಾಗುತ್ತಿತ್ತು. ತೊಳೆಯಿರಿ ಎಂದಷ್ಟೇ ಬರೆದೆ. ಡಿಸೆಂಬರಿನಲ್ಲಿ ಮೊದಲ ಎರಡು ಗುಡ್ಡದ ಲೆಕ್ಕ ಬಂದಾಗ, ನಂತರ ಬಿಟ್ಟ ಮದ್ದುಗಳೆಲ್ಲ ಮೊದಲು ಬಿಟ್ಟದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದವು. ಡ್ರಮ್ಮು ತೊಳೆಯುತ್ತಿಲ್ಲ ಎಂದು ನನಗೆ ಆಗಲೇ ತಿಳಿಯಿತು. ನನ್ನ ಓದೇ ಸಂಖ್ಯಾಶಾಸ್ತ್ರ, ತಿಳಿಯದೇ ಇರಲು ಸಾಧ್ಯವಿಲ್ಲ. ಕಾಕತಾಳೀಯ ಎಂದು ಬರೆದೆ. ಇನ್ನೂ ಒಂದಿದೆ. ಆಸ್ಪತ್ರೆಯಿಂದ ಸರ್ ಫೋನ್ ಮಾಡಿದಾಗ ಹೆಸರಿನ ಪಟ್ಟಿಯ ಪ್ರತಿ ನನ್ನ ಕಪಾಟಿನಲ್ಲೇ ಇತ್ತು. ಒಪ್ಪಿಗೆಯಿಲ್ಲದೆ ಹೇಳಿದರೆ ನನ್ನ ಕೆಲಸ ಹೋಗುತ್ತಿತ್ತು. ಮೂವತ್ತೊಂದು ಗಂಟೆ ಆ ಕಪಾಟಿನ ಎದುರು ಕೂತಿದ್ದೆ. ಭಾನುವಾರವೇ ಹೇಳಿದ್ದರೆ ಅವರು ಉಳಿಯುತ್ತಿದ್ದರೋ ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗದ ಹಾಗೆ ಮಾಡಿದವಳು ನಾನು.

ಈ ಹಾಳೆಗಳ ಇನ್ನೊಂದು ಪ್ರತಿಯನ್ನು ನನ್ನ ಹೇಳಿಕೆಯ ಜೊತೆ ಠಾಣೆಗೆ ಕಳುಹಿಸಿದ್ದೇನೆ. ಕಂಪೆನಿಗೂ ತಿಳಿಸಿದ್ದೇನೆ. ಮುಂದಿನ ವಾರ ನಾನೇ ಬರುತ್ತೇನೆ. ನಿಮ್ಮ ಮನೆಯ ಒಳಗೆ ಕರೆಯಬೇಕಾಗಿಲ್ಲ.

ನಿನ್ನ ಎರಡನೇ ಪ್ರಶ್ನೆ. ಆ ಎರಡು ಮದ್ದು ಅಪ್ಪನ ಕೈಗೆ ಒಂದೇ ದಿನ ಬಾರದ ಹಾಗೆ ಮಾಡಲು ಆಗುತ್ತಿರಲಿಲ್ಲವೇ ಎಂದು ಕೇಳಿದೆ. ಆಗುತ್ತಿತ್ತು. ಆಲೆಟ್ಟಿಯಲ್ಲಿ ಮೂರನ್ನು ಒಂದು ದಿನ, ಆರನ್ನು ಇನ್ನೊಂದು ದಿನ, ಬೇರೆ ಡ್ರಮ್ಮಿನಲ್ಲಿ ಬಿಡಿ ಎಂದು ಒಂದು ಸಾಲು ಬರೆದರೆ ಸಾಕಿತ್ತು. ಸೂಚನೆ ಬಂದ ದಿನವೇ ನಕ್ಷೆಯ ಕರಡಿನಲ್ಲಿ ಆ ಸಾಲನ್ನು ಬರೆದೂ ಇದ್ದೆ. ಆಮೇಲೆ, ಒಂದೇ ಗುಡ್ಡ ಉಳಿದ ಆರರ ಹಾಗಿಲ್ಲದಿದ್ದರೆ ನಕ್ಷೆಯ ಚಂದ ಕೆಡುತ್ತದೆ ಎಂದು ನಾನೇ ಅದನ್ನು ಹೊಡೆದು ಹಾಕಿದೆ. ಎರಡನೇ ಹಾಳೆ ಆ ಕರಡು. ಹೊಡೆದದ್ದರ ಕೆಳಗೆ ಅಕ್ಷರಗಳು ಇನ್ನೂ ಓದಲು ಬರುತ್ತವೆ.

ಇರ್ಫಾನಾ